ಆಮವಾತಕ್ಕೆ ಯಾವ ಔಷಧಿ? ಬಿಳಿ ರಕ್ತಕಣದ ದಾರಿ ಹಿಡಿದು ಒಂದು ಹೋಲಿಕೆ

ಮನೆಯಲ್ಲಿ ಯಾರಿಗಾದರೂ ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್, ಮೈಯ ರಕ್ಷಣಾ ಕಣಗಳೇ ಕೀಲಿನ ಮೇಲೆ ಎರಗುವ ರೋಗ) ಅಂತ ಖಚಿತವಾದ ಮೇಲೆ, ವಿಜಯಪುರ ಇರಲಿ ಬಾಗಲಕೋಟೆ ಇರಲಿ, ಔಷಧಿಯ ಮಾತು ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಇದರಾಗ ಸ್ಟ್ರಾಂಗ್ ಯಾವುದ್ರಿ?" ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲದ ಟೊಫಾಸಿಟಿನಿಬ್, ಫ್ರಿಜ್ಜಿನಲ್ಲಿಡುವ ಅಡಾಲಿಮುಮ್ಯಾಬ್ ಇಂಜೆಕ್ಷನ್, ಎರಡೇ ದಿನದಲ್ಲಿ ನೋವು ಇಳಿಸುವ ಸ್ಟೀರಾಯ್ಡ್. ಈ ನಾಲ್ಕನ್ನೂ ಬೆಲೆ ಮತ್ತು ಬಿರುಸು ನೋಡಿ ಅಳೆಯುವುದು ರೂಢಿ. ನಾನು ಔಷಧಶಾಸ್ತ್ರ ಕಲಿಸುವವಳು. ಈ ಅಳತೆ ರೋಗಿಯನ್ನು ಬಹಳ ಸಲ ತಪ್ಪು ಕಡೆಗೆ ಒಯ್ಯುತ್ತದೆ ಅಂತ ನನಗೆ ಅನಿಸಿದೆ. ರಕ್ತದಲ್ಲಿ ಹರಿದಾಡುತ್ತಿದ್ದ ಬಿಳಿ ಕಣ ಕೀಲಿನೊಳಗೆ ಬಂದು ಸೇರುತ್ತದಲ್ಲ, ಆ ದಾರಿಯಲ್ಲಿ ಯಾವ ಔಷಧಿ ಯಾವ ಹಂತದಲ್ಲಿ ಅಡ್ಡ ಬರುತ್ತದೆ? ಅಲ್ಲಿ ಅಡ್ಡ ಬಂದಾಗ ಮೈಯ ಬೇರೆ ಯಾವ ಕೆಲಸಕ್ಕೆ ಪೆಟ್ಟು ಬೀಳುತ್ತದೆ? ಈ ಎರಡನ್ನು ಹಿಡಿದುಕೊಂಡರೆ ವೈದ್ಯರ ಮುಂದೆ ಕೂತು ಆರಿಸುವುದು ಎಷ್ಟೋ ಸುಲಭ.

ಮೊದಲು ರೋಗ ಇದೇನಾ ನೋಡಿ

ಈ ಬರಹ ಆಮವಾತಕ್ಕೆ ಸಂಬಂಧಿಸಿದ್ದು. ವಯಸ್ಸಾದಂತೆ ಮಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವಿಗೆ ಇಲ್ಲಿ ಹೇಳುವ ಔಷಧಿಗಳು ಬೇಕಿಲ್ಲ. ಆಮವಾತ ಸಾಮಾನ್ಯವಾಗಿ ಎರಡೂ ಕೈಗಳ ಸಣ್ಣ ಕೀಲು, ಮಣಿಕಟ್ಟು, ಪಾದದ ಬೆರಳುಗಳನ್ನು ಹಿಡಿಯುತ್ತದೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮಿಕ್ಕಿ ಬಿಗಿತ ಇರುತ್ತದೆ, ಕೈಯಾಡಿಸಿದಂತೆ ಸ್ವಲ್ಪ ಸಡಿಲಾಗುತ್ತದೆ. ಜೋಳದ ರೊಟ್ಟಿ ಬಡಿಯಲು ಆಗದೆ ಹೋದಾಗ, ಇಳಕಲ್ಲು ಅಥವಾ ಗುಳೇದಗುಡ್ಡದ ಮಗ್ಗದ ಮುಂದೆ ಕೂತವರಿಗೆ ಎಳೆ ಗಂಟು ಹಾಕಲು ಬೆರಳು ಮಡಚದೆ ಹೋದಾಗ ರೋಗ ತಿಳಿದುಬರುತ್ತದೆ. ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು.

ನಮ್ಮ ಭಾಗದಲ್ಲಿ ಇನ್ನೊಂದು ಗೊಂದಲ ಉಂಟು. 2006ರ ಸುಮಾರಿಗೆ ಚಿಕೂನ್‌ಗುನ್ಯ ಕರ್ನಾಟಕದ ಊರೂರಿಗೆ ಹಬ್ಬಿತ್ತು, ಈಗಲೂ ಆಗಾಗ ಬರುತ್ತದೆ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವ ಅದರ ಕೀಲುನೋವು ನೋಡಲು ಆಮವಾತದಂತೆಯೇ ಇರುತ್ತದೆ. ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ರುಮಟಾಯ್ಡ್ ಫ್ಯಾಕ್ಟರ್ ಎಂಬ ಇನ್ನೊಂದು ರಕ್ತಪರೀಕ್ಷೆ ಬೇರೆ ರೋಗಗಳಲ್ಲೂ ಪಾಸಿಟಿವ್ ಬರಬಹುದು, ಆಂಟಿ-ಸಿಸಿಪಿ ಹಾಗೆ ಸುಲಭಕ್ಕೆ ಬರುವುದಿಲ್ಲ. ಎರಡೂ ನೆಗೆಟಿವ್ ಇದ್ದು ಆಮವಾತ ಇರುವವರೂ ಇದ್ದಾರೆ, ಆದ್ದರಿಂದ ಕಾಗದ ಒಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಕೀಲು ಮುಟ್ಟಿ ನೋಡುವ ವೈದ್ಯರು ಬೇಕು.

ಕಣ ಕೀಲಿಗೆ ಬರುವ ದಾರಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಆಮವಾತದಲ್ಲಿ ಊದಿದ ಕೀಲಿನಿಂದ ನೀರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಕಾಣುವುದು ಹೆಚ್ಚಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣ. ಕೀಲಿನ ಒಳಪೊರೆಯಲ್ಲಿ ಟಿ ಕಣ, ಬಿ ಕಣ, ಮ್ಯಾಕ್ರೋಫೇಜ್ ಎಂಬ ಬೇರೆ ರಕ್ಷಣಾ ಕಣಗಳು ಬೀಡುಬಿಟ್ಟಿರುತ್ತವೆ. ಇವುಗಳಲ್ಲಿ ಬಹುಪಾಲು ಅಲ್ಲಿಯೇ ಹುಟ್ಟಿದವಲ್ಲ, ರಕ್ತದಿಂದ ನಡೆದು ಬಂದವು. ರಕ್ತನಾಳದಲ್ಲಿ ವೇಗವಾಗಿ ಹೋಗುತ್ತಿದ್ದ ಕಣ ಮೊದಲು ನಾಳದ ಒಳಪದರದ ಮೇಲಿನ ಸೆಲೆಕ್ಟಿನ್ ಪ್ರೋಟೀನಿಗೆ ತಗುಲಿ ಉರುಳುತ್ತ ನಿಧಾನವಾಗುತ್ತದೆ. ಅಲ್ಲಿ ಕೀಮೋಕೈನ್ ಎಂಬ ಕರೆಯುವ ರಾಸಾಯನಿಕ ಸಿಕ್ಕಾಗ ಕಣದ ಮೈಮೇಲಿನ ಇಂಟೆಗ್ರಿನ್‌ಗಳು ಬಿಚ್ಚಿಕೊಂಡು ನಾಳದ ಗೋಡೆಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಆಮೇಲೆ ಗೋಡೆಯ ಸಂದಿಯಲ್ಲಿ ನುಸುಳಿ, ಕರೆ ಎಲ್ಲಿ ದಟ್ಟವಾಗಿದೆಯೋ ಆ ಕಡೆ ತೆವಳುತ್ತದೆ.

ಯಾವ ಕಡೆ ತೆವಳಬೇಕು ಅಂತ ಕಣಕ್ಕೆ ಹೇಗೆ ಗೊತ್ತಾಗುತ್ತದೆ? ಸಂಕೇತ ಸಾಗಿಸುವ ಕಿಣ್ವಗಳ ಕೆಲಸ ಶುರುವಾಗುವುದು ಇಲ್ಲಿ. ಕಣದ ಮೈಮೇಲಿನ ಗ್ರಾಹಕಕ್ಕೆ ಕೀಮೋಕೈನ್ ತಾಗಿದಾಗ ಒಳಗಿನ ಜಿ-ಪ್ರೋಟೀನ್ ಎಚ್ಚರಾಗಿ ಪಿಐ-3 ಕೈನೇಸ್ ಗಾಮಾ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಕಣಪೊರೆಯ ಒಂದು ಕೊಬ್ಬಿನ ಅಣುವಿಗೆ ಫಾಸ್ಫೇಟ್ ಸೇರಿಸಿ ಪಿಪ್-3 ಎಂಬುದನ್ನು ಮಾಡುತ್ತದೆ. ಕರೆ ಬಂದ ದಿಕ್ಕಿನಲ್ಲಿ ಪಿಪ್-3 ಗುಡ್ಡೆಯಾಗುತ್ತದೆ, ಉಳಿದ ಕಡೆ ಪಿಟೆನ್, ಶಿಪ್-1 ಎಂಬ ಕಿಣ್ವಗಳು ಅದನ್ನು ಅಳಿಸುತ್ತಿರುತ್ತವೆ. ಗುಡ್ಡೆಯಾದ ಕಡೆ ರ್‍ಯಾಕ್ ಎಂಬ ಪ್ರೋಟೀನ್ ಚುರುಕಾಗಿ ಆಕ್ಟಿನ್ ಎಳೆಗಳು ಬೆಳೆಯುತ್ತವೆ, ಕಣ ಆ ಕಡೆಗೆ ಮೂತಿ ಚಾಚುತ್ತದೆ. ಹಿಂದಿನ ತುದಿಯಲ್ಲಿ ರಾಕ್ ಎಂಬ ಇನ್ನೊಂದು ಕೈನೇಸ್ ಮಯೋಸಿನ್ ಬಿಗಿಸಿ ಬಾಲವನ್ನು ಎಳೆದುಕೊಳ್ಳುತ್ತದೆ. ಚಾಚು, ಎಳೆ, ಮತ್ತೆ ಚಾಚು.

ಇನ್ನೊಂದು ಸಂಗತಿಯೂ ಇದೆ, ನನ್ನನ್ನು ಬಹಳ ದಿನ ಹಿಡಿದಿಟ್ಟ ಸಂಗತಿ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಒಂದು ಪೆಂಟಿ ಒಡೆದು ಬಿದ್ದರೆ ಮೊದಲು ಒಂದೆರಡು ಇರುವೆ ಬರುತ್ತವೆ. ಅವು ನೆಲಕ್ಕೆ ಬಿಟ್ಟುಹೋದ ವಾಸನೆ ಹಿಡಿದು ಉಳಿದವು ಸಾಲು ಹಚ್ಚುತ್ತವೆ. ನ್ಯೂಟ್ರೋಫಿಲ್‌ಗಳದ್ದೂ ಅದೇ ನಡೆ. 2010ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಒಂದು ಅಧ್ಯಯನ ಇದನ್ನು ಹಂತ ಹಂತವಾಗಿ ಬಿಡಿಸಿ ತೋರಿಸಿತು. ಮೊದಲು ಬಂದ ನ್ಯೂಟ್ರೋಫಿಲ್‌ಗಳು ಲ್ಯೂಕೋಟ್ರೈಯೀನ್ ಬಿ-4 ಎಂಬ ಕೊಬ್ಬಿನ ಅಣು ಸುರಿಸುತ್ತವೆ. ಅದನ್ನು ತಯಾರಿಸಲು 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಬೇಕು. ಅದರ ಹಿಂದೆ ಬಂದವು ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕ ಪ್ರೋಟೀನ್ ಬಿಡುತ್ತವೆ. ಇಂಟರ್‌ಲ್ಯೂಕಿನ್-1 ಕೀಲಿನ ಒಳಪೊರೆಯ ಕಣಗಳಿಂದಲೇ ಕೀಮೋಕೈನ್ ಹೊರಡಿಸುತ್ತದೆ, ಅದು ಇನ್ನಷ್ಟು ಕಣಗಳನ್ನು ಕರೆಯುತ್ತದೆ. ಬಂದವರೇ ಬರುವವರನ್ನು ಕರೆಯುವ ಸರಪಳಿ ಇದು. ಆಮವಾತ ತಾನಾಗಿ ತಣ್ಣಗಾಗದೆ ಇರಲು ಇದೂ ಒಂದು ಕಾರಣ. ಬೇಗ ಔಷಧಿ ಶುರು ಮಾಡಿ ಅಂತ ವೈದ್ಯರು ಒತ್ತಾಯಿಸುವುದರ ಹಿಂದೆ ಇದೂ ಇದೆ: ಸರಪಳಿ ನಡೆದಷ್ಟು ದಿನವೂ ಮೃದ್ವಸ್ಥಿ ಮತ್ತು ಎಲುಬು ಸವೆಯುತ್ತಿರುತ್ತವೆ, ಸವೆದದ್ದು ಮರಳುವುದಿಲ್ಲ.

ಹೋಲಿಕೆಗೆ ಬೇಕಾದ ಒಂದು ವಿಂಗಡಣೆ ಇಲ್ಲಿ ಸಿಗುತ್ತದೆ. ಕೆಲವು ಕಿಣ್ವಗಳು ನಡೆಯುವ ಕಣದೊಳಗೆ ಕೂತು ದಿಕ್ಕು ತೋರಿಸುತ್ತವೆ, ಪಿಐ-3 ಕೈನೇಸ್ ಗಾಮಾ ಅಂಥದು. ಇನ್ನು ಕೆಲವು ಕೀಲಿನಿಂದ ಕರೆ ಹೊರಡುತ್ತಲೇ ಇರುವಂತೆ ನೋಡಿಕೊಳ್ಳುತ್ತವೆ. ಇವುಗಳಲ್ಲಿ ಮುಖ್ಯವಾದವು ಜಾಕ್ ಕಿಣ್ವಗಳು.

ಔಷಧಿಯಾಗಲು ಹೊರಟ ಕಿಣ್ವತಡೆಗಳು, ತಲುಪಿದವು, ತಲುಪದವು

ಅಂತರ್ಜಾಲದಲ್ಲಿ ಹುಡುಕಿ, "ಡಾಕ್ಟ್ರೇ, ಕಣ ನಡೆಯೋದನ್ನೇ ನಿಲ್ಲಿಸೋ ಗುಳಿಗಿ ಬಂದದಂತ" ಅಂತ ಕೇಳುವ ಮಕ್ಕಳು ಈಗ ಇದ್ದಾರೆ. ಅವರ ಆಸೆ ನ್ಯಾಯವಾದದ್ದು, ಉತ್ತರ ಕೊಡಲೇಬೇಕು.

ಪಿಐ-3 ಕೈನೇಸ್ ಗಾಮಾ ಇಲ್ಲದ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳ ನಡಿಗೆ ಕುಂಠಿತವಾಗುತ್ತದೆ ಎಂದು 2000ದಲ್ಲಿಯೇ ಗೊತ್ತಾಯಿತು. 2005ರಲ್ಲಿ ಈ ಕಿಣ್ವವನ್ನು ತಡೆಯುವ ರಾಸಾಯನಿಕವೊಂದನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ಕೀಲಿನ ಉರಿಯೂತ ಇಳಿಯಿತು. ಇಷ್ಟು ಚಂದದ ಆರಂಭವಿದ್ದರೂ ಮನುಷ್ಯರ ಆಮವಾತಕ್ಕೆ ಆ ದಾರಿಯಿಂದ ಗುಳಿಗೆ ಬರಲಿಲ್ಲ. ಅದರ ಅಣ್ಣತಮ್ಮನಾದ ಪಿಐ-3 ಕೈನೇಸ್ ಡೆಲ್ಟಾವನ್ನು ತಡೆಯುವ ಐಡೆಲಾಲಿಸಿಬ್ 2014ರಲ್ಲಿ ರಕ್ತದ ಕ್ಯಾನ್ಸರಿಗೆ ಬಂತು. ಬಳಸಿದ ಕೆಲವರಲ್ಲಿ ಯಕೃತ್ತು, ದೊಡ್ಡ ಕರುಳು, ಶ್ವಾಸಕೋಶಗಳಲ್ಲಿ ತೀವ್ರ ಉರಿಯೂತ ಕಾಣಿಸಿತು. ಕ್ಯಾನ್ಸರಿಗೆ ಸಹಿಸಬಹುದಾದ ಅಪಾಯವನ್ನು ಜೀವಮಾನವಿಡೀ ನುಂಗಬೇಕಾದ ಕೀಲಿನ ಔಷಧಿಯಲ್ಲಿ ಸಹಿಸಲಾಗದು. ನನ್ನ ತಿಳಿವಳಿಕೆಯಲ್ಲಿ ಇದರ ಮೂಲ ಕಷ್ಟ ಇದು: ಕೀಲಿಗೆ ದಾರಿ ತೋರಿಸುವ ಕಿಣ್ವವೇ ನ್ಯುಮೋನಿಯಾ ಆದ ಶ್ವಾಸಕೋಶಕ್ಕೂ ಕೊಳೆತ ಗಾಯಕ್ಕೂ ಕಣವನ್ನು ಒಯ್ಯುತ್ತದೆ.

ಪಿ-38 ಕೈನೇಸ್ ತಡೆಗಳ ಕಥೆ ಚಿಕ್ಕದು. ಮೊದಲ ಕೆಲವು ವಾರ ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಗುರುತಾದ ಪ್ರೋಟೀನ್) ಇಳಿಯಿತು, ಮತ್ತೆ ಏರಿತು. ಒಂದು ಮಾರ್ಗ ಮುಚ್ಚಿದಾಗ ಕಣ ಬೇರೆ ಮಾರ್ಗ ಹಿಡಿದಿತ್ತು. ಸಿಕ್ ಎಂಬ ಕಿಣ್ವವನ್ನು ತಡೆಯುವ ಫೊಸ್ಟಾಮಾಟಿನಿಬ್ 2010ರ ಪ್ರಯೋಗದಲ್ಲಿ ಭರವಸೆ ಮೂಡಿಸಿ, ದೊಡ್ಡ ಪ್ರಯೋಗಗಳಲ್ಲಿ ಹಿಂದೆ ಬಿತ್ತು. ರಕ್ತದೊತ್ತಡ ಏರುವುದು, ಭೇದಿ ಬೇರೆ. 2013ರಲ್ಲಿ ಆಮವಾತದ ಹಾದಿ ಬಿಟ್ಟ ಆ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಪ್ಲೇಟ್ಲೆಟ್ ಇಳಿಯುವ ಒಂದು ರೋಗಕ್ಕೆ ಒಪ್ಪಿಗೆ ಸಿಕ್ಕಿತು. ಪಿಡಿಇ-4 ಕಿಣ್ವ ತಡೆಯುವ ಏಪ್ರೆಮಿಲಾಸ್ಟ್ ಆಮವಾತದಲ್ಲಿ ಕೆಲಸಕ್ಕೆ ಬರಲಿಲ್ಲ. ಆದರೆ ಸೋರಿಯಾಸಿಸ್ ಜೊತೆ ಬರುವ ಸಂಧಿವಾತಕ್ಕೆ 2014ರಲ್ಲಿ ಒಪ್ಪಿಗೆ ಪಡೆಯಿತು. ಮೊಣಕೈ, ತಲೆಯ ಮೇಲೆ ಹೊಪ್ಪಳಿಕೆಯ ಚರ್ಮರೋಗವೂ ಇದ್ದು ಕೀಲೂ ಊದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಆಯ್ಕೆಯೇ ಬದಲಾಗಬಹುದು.

ಗೆದ್ದದ್ದು ಜಾಕ್ ತಡೆ. ಟೊಫಾಸಿಟಿನಿಬ್ 2012ರಲ್ಲಿ ಅಮೆರಿಕದಲ್ಲಿ ಆಮವಾತಕ್ಕೆ ಒಪ್ಪಿಗೆ ಪಡೆಯಿತು, ಬ್ಯಾರಿಸಿಟಿನಿಬ್ ಮತ್ತು ಉಪಾಡಸಿಟಿನಿಬ್ ಹಿಂದೆಯೇ ಬಂದವು. ಜಾಕ್ ಕಿಣ್ವಗಳು ನಾಲ್ಕು: ಜಾಕ್-1, ಜಾಕ್-2, ಜಾಕ್-3, ಟಿಕ್-2. ಇಂಟರ್‌ಲ್ಯೂಕಿನ್-6, ಇಂಟರ್‌ಫೆರಾನ್ ಮುಂತಾದವುಗಳ ಸಂದೇಶವನ್ನು ಇವು ಕಣದ ಹೊರಗಿನಿಂದ ಜೀನ್‌ಗಳವರೆಗೆ ಮುಟ್ಟಿಸುತ್ತವೆ. ಅದರ ಫಲವಾಗಿ ಹುಟ್ಟುವವುಗಳಲ್ಲಿ ಕೀಮೋಕೈನ್‌ಗಳೂ ಇವೆ. ಟೊಫಾಸಿಟಿನಿಬ್ ಕೊಟ್ಟ ರೋಗಿಗಳ ಕೀಲಿನ ಒಳಪೊರೆಯ ಚೂರನ್ನು ಔಷಧಿಗೆ ಮುಂಚೆ ಮತ್ತು ನಾಲ್ಕು ವಾರದ ನಂತರ ತೆಗೆದು ನೋಡಿದ 2015ರ ಅಧ್ಯಯನವೊಂದರಲ್ಲಿ ಕಂಡದ್ದು ಇದು: ಕರೆಯುವ ಕೀಮೋಕೈನ್‌ಗಳ ಜೀನ್ ಚಟುವಟಿಕೆ ಇಳಿದಿತ್ತು, ಮೃದ್ವಸ್ಥಿ ಕರಗಿಸುವ ಕಿಣ್ವಗಳದ್ದೂ ಇಳಿದಿತ್ತು. ಆದರೆ ಈಗಾಗಲೇ ಒಳಗೆ ಕೂತಿದ್ದ ಕಣಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಿರಲಿಲ್ಲ. ನೋವು ಬೇಗ ಇಳಿಯುತ್ತದೆ, ಬಂದು ನೆಲೆಸಿದ ಕಣಗಳು ಅಷ್ಟು ಬೇಗ ಜಾಗ ಖಾಲಿ ಮಾಡುವುದಿಲ್ಲ. ಎರಡು ವಾರಕ್ಕೆ ಹಾಯೆನಿಸಿತು ಅಂತ ಗುಳಿಗೆ ಬಿಡುವವರು ಇದನ್ನು ಗಮನಿಸಬೇಕು.

ಮೆಥೊಟ್ರೆಕ್ಸೇಟ್ ಮೊದಲು, ಸ್ಟೀರಾಯ್ಡ್ ಸ್ವಲ್ಪ ದಿನ

ಹೊಸ ಔಷಧಿ ಬಂತೆಂದು ಹಳೆಯದು ಹಿಂದೆ ಬಿದ್ದಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ 2022ರ ಶಿಫಾರಸಿನಲ್ಲೂ ಮೊದಲ ಔಷಧಿ ಮೆಥೊಟ್ರೆಕ್ಸೇಟ್. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಅದು ಇದೆ, ಬೆಲೆ ಕಡಿಮೆ. ಕಣದ ನಡಿಗೆಗೂ ಇದಕ್ಕೂ ಸಂಬಂಧವಿದೆ: ಒಂದು ಕಿಣ್ವವನ್ನು ತಡೆದು ಉರಿಯೂತದ ಜಾಗದಲ್ಲಿ ಅಡಿನೋಸಿನ್ ಹೆಚ್ಚಿಸುತ್ತದೆ, ಅಡಿನೋಸಿನ್ ನ್ಯೂಟ್ರೋಫಿಲ್‌ಗಳು ನಾಳದ ಗೋಡೆಗೆ ಅಂಟುವುದನ್ನು ತಗ್ಗಿಸುತ್ತದೆ.

"ನೋವು ದಿನಾ ಇರತದ, ವಾರಕ್ಕೊಮ್ಮೆ ನುಂಗಿದರ ಹೆಂಗ ಸಾಕಾಗ್ತದ್ರಿ?" ಅಂತ ಕೇಳುವವರಿಗೆ ಕೈಮುಗಿದು ಹೇಳುವ ಮಾತು: ವಾರಕ್ಕೊಮ್ಮೆ ಎಂದರೆ ವಾರಕ್ಕೊಮ್ಮೆಯೇ. ದಿನಾ ನುಂಗಿದರೆ ಎಲುಬಿನ ಮಜ್ಜೆ ಸೋತು, ಬಾಯಿ ಹುಣ್ಣಾಗಿ, ಜೀವಕ್ಕೇ ಅಪಾಯ. ಸೋಮವಾರ ಅಂತ ನಿಗದಿ ಮಾಡಿಕೊಂಡು ಚೀಟಿಯ ಮೇಲೆ, ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬಿಡಬೇಡಿ. ಜ್ವರ, ಉರಿಮೂತ್ರ ಅಂತ ಅಂಗಡಿಗೆ ಹೋದಾಗ ಕೋಟ್ರೈಮಾಕ್ಸಜೋಲ್ ಗುಳಿಗೆ ಕೊಟ್ಟಾರು. ಮೆಥೊಟ್ರೆಕ್ಸೇಟ್ ಜೊತೆ ಅದು ಮಜ್ಜೆಯನ್ನು ಹೊಡೆಯುತ್ತದೆ, ತೆಗೆದುಕೊಳ್ಳಬಾರದು. ಕುಡಿತ ಇದ್ದವರ ಯಕೃತ್ತಿಗೆ ಇದು ಭಾರ. ರಕ್ತಕಣ ಎಣಿಕೆ, ಯಕೃತ್ತು, ಮೂತ್ರಪಿಂಡದ ಪರೀಕ್ಷೆಗಳನ್ನು ವೈದ್ಯರು ಹೇಳಿದ ಅವಧಿಗೆ ಮಾಡಿಸಲೇಬೇಕು.

ಸ್ಟೀರಾಯ್ಡ್ ಬಿಳಿ ಕಣಗಳು ನಾಳದ ಗೋಡೆಗೆ ಅಂಟುವುದನ್ನು ತಡೆಯುತ್ತದೆ. ಹಾಗಾಗಿ ಪ್ರೆಡ್ನಿಸೊಲೋನ್ ನುಂಗಿದವರ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಏರಿ ಕಾಣುತ್ತದೆ. ಗೋಡೆ ಬಿಟ್ಟ ಕಣಗಳು ಹರಿವಿಗೆ ಬಂದಿರುತ್ತವೆ. ಎಲ್ಲಕ್ಕಿಂತ ಬೇಗ ಹಾಯೆನಿಸುವುದೂ ಇದೇ. ಮೆಥೊಟ್ರೆಕ್ಸೇಟ್ ಹಿಡಿಯಲು ಆರರಿಂದ ಹನ್ನೆರಡು ವಾರ ಬೇಕು, ಅಲ್ಲಿಯವರೆಗೆ ಕಡಿಮೆ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಟ್ಟು ಇಳಿಸುತ್ತ ಬಂದು ನಿಲ್ಲಿಸುವುದು ಸರಿಯಾದ ಬಳಕೆ. ವರ್ಷಗಟ್ಟಲೆ ಮುಂದುವರಿದರೆ ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ಹೆಚ್ಚುತ್ತದೆ. ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಸಂತೆಯಲ್ಲಿ, ಪರಿಚಯದವರ ಕೈಯಲ್ಲಿ ಸಿಗುವ ಹೆಸರಿಲ್ಲದ "ವಾತದ ಪುಡಿ" ಎರಡೇ ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂದೇ ಅನುಮಾನಿಸಿ. ಮುಖ ಊದಿಕೊಂಡು ಬರುವ ತಾಯಂದಿರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಪುಡಿಗೆ ಸುರಿದ ದುಡ್ಡಿಗಿಂತ ಕಡಿಮೆಯಲ್ಲಿ ಮೆಥೊಟ್ರೆಕ್ಸೇಟ್ ನಡೆಯುತ್ತಿತ್ತು.

ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಇವೂ ಅಗತ್ಯ ಪಟ್ಟಿಯಲ್ಲಿವೆ. ಲೆಫ್ಲುನೊಮೈಡ್ ಮೊದಲು ಇತ್ತು, 2022ರಲ್ಲಿ ಪಟ್ಟಿಯಿಂದ ಹೊರಬಿತ್ತು. ಇವನ್ನು ಬೆರೆಸಿ ಕೊಡುವುದೂ ಉಂಟು. ಹೈಡ್ರಾಕ್ಸಿಕ್ಲೋರೊಕ್ವಿನ್ ದೀರ್ಘಕಾಲ ನುಂಗುವವರು ಕಣ್ಣಿನ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು.

ಜಾಕ್ ಗುಳಿಗೆಯೋ, ಟಿಎನ್‌ಎಫ್ ಇಂಜೆಕ್ಷನ್ನೋ

ಸರಿಯಾದ ಪ್ರಮಾಣದ ಮೆಥೊಟ್ರೆಕ್ಸೇಟ್‌ಗೂ ರೋಗ ಬಗ್ಗದಿದ್ದಾಗ ನಿಜವಾದ ಕವಲು ಇಲ್ಲಿ ಬರುತ್ತದೆ.

ಟಿಎನ್‌ಎಫ್ ಎಂಬ ಸಂದೇಶವಾಹಕ ರಕ್ತನಾಳದ ಒಳಪದರಕ್ಕೆ ಸೆಲೆಕ್ಟಿನ್ ಮತ್ತು ಅಂಟುವ ಪ್ರೋಟೀನ್‌ಗಳನ್ನು ಹೊರಹಾಕಲು ಹೇಳುತ್ತದೆ. ಅದನ್ನು ಹಿಡಿದುಹಾಕುವ ಇಂಜೆಕ್ಷನ್‌ಗಳು, ಅಂದರೆ ಎಟಾನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್, ಕಣ ಗೋಡೆಗೆ ತಗಲುವ ಹಂತದಲ್ಲಿಯೇ ಅಡ್ಡ ಬರುತ್ತವೆ. ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ರೋಗಿಯದೇ ಬಿಳಿ ಕಣಗಳಿಗೆ ವಿಕಿರಣಶೀಲ ಇಂಡಿಯಂ ಗುರುತು ಹಾಕಿ ಮತ್ತೆ ಮೈಗೆ ಬಿಟ್ಟು, ಅವು ಕೈ-ಮಣಕಾಲಿನ ಕೀಲುಗಳಲ್ಲಿ ಎಷ್ಟು ಸೇರುತ್ತವೆ ಎಂದು ಲಂಡನ್ನಿನ ಸಂಶೋಧಕರು ಅಳೆದರು. 2000ದಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ, ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟ ಎರಡು ವಾರಕ್ಕೆ ಕೀಲಿಗೆ ಬರುವ ಕಣಗಳು ಗಣನೀಯವಾಗಿ ಇಳಿದಿದ್ದವು. ಜಗತ್ತಿನ ಮೊದಲ ಅಡಾಲಿಮುಮ್ಯಾಬ್ ಬಯೊಸಿಮಿಲರ್ (ಮೂಲ ಇಂಜೆಕ್ಷನ್ನಿನಂತೆಯೇ ಇರುವ, ಬೇರೆ ಕಂಪನಿಯ ತಯಾರಿಕೆ) ಬಂದದ್ದು 2014ರಲ್ಲಿ ಭಾರತದಲ್ಲಿಯೇ. ಅಂದಿನಿಂದ ಬೆಲೆ ಇಳಿದಿದೆ, ಆದರೂ ಬಹಳ ಮನೆಗಳಿಗೆ ಭಾರವೇ. ಟೊಫಾಸಿಟಿನಿಬ್‌ಗೆ ಈಗ ಹಲವು ಕಂಪನಿಗಳ ಜೆನೆರಿಕ್ ಇವೆ, ಖರ್ಚಿನಲ್ಲಿ ಅದು ಹಗುರ.

ಬರಿಯ ಖರ್ಚು ನೋಡಿದರೆ ಜಾಕ್ ಗುಳಿಗೆ ಗೆಲ್ಲುತ್ತದೆ. ಇಂಡಿ, ತಾಳಿಕೋಟಿ, ಹುನಗುಂದ, ಅಥಣಿಯಂಥ ಕಡೆ ಇರುವವರಿಗೆ ಇನ್ನೊಂದು ಅನುಕೂಲವೂ ಇದೆ. ಅಡಾಲಿಮುಮ್ಯಾಬ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ಜಿನ ಹೊರಗೆ ಸ್ವಲ್ಪ ದಿನ ಇಡಬಹುದು ಎಂದು ಕಂಪನಿ ಬರೆದಿದ್ದರೂ ಅವರು ಹೇಳುವುದು 25 ಡಿಗ್ರಿಯ ಕೋಣೆ. ನಮ್ಮ ಏಪ್ರಿಲ್-ಮೇ 40 ಡಿಗ್ರಿ ಮುಟ್ಟುತ್ತದೆ. ಹುಬ್ಬಳ್ಳಿ ಅಥವಾ ಸೊಲ್ಲಾಪುರದಿಂದ ತರುವಾಗ ಐಸ್ ಪ್ಯಾಕ್ ಇರುವ ಪೆಟ್ಟಿಗೆ ಬೇಕು, ಆದರೆ ಮದ್ದು ಹೆಪ್ಪುಗಟ್ಟಲೂಬಾರದು. ದಿನವೂ ತಾಸುಗಟ್ಟಲೆ ಕರೆಂಟ್ ಹೋಗುವ ಊರಾದರೆ ಪಟ್ಟಣದ ಆಸ್ಪತ್ರೆಯಲ್ಲಿಯೇ ಇಡಿಸಿ, ಹದಿನೈದು ದಿನಕ್ಕೊಮ್ಮೆ ಅಲ್ಲಿ ಹೋಗಿ ಹಾಕಿಸಿಕೊಳ್ಳುವುದು ಒಳ್ಳೆಯದು. ಗುಳಿಗೆಗೆ ಈ ತಾಪತ್ರಯ ಇಲ್ಲ.

ಆದರೆ ಮುಂದಿನದನ್ನು ಓದದೆ ಗುಳಿಗೆಗೆ ಹೂಂ ಅನ್ನಬೇಡಿ. 50 ದಾಟಿದ, ಹೃದಯರೋಗಕ್ಕೆ ದಾರಿ ಮಾಡುವ ಕನಿಷ್ಠ ಒಂದು ಅಂಶವಿದ್ದ 4362 ಆಮವಾತ ರೋಗಿಗಳಲ್ಲಿ ಟೊಫಾಸಿಟಿನಿಬ್ ಮತ್ತು ಟಿಎನ್‌ಎಫ್ ಇಂಜೆಕ್ಷನ್ ಎರಡನ್ನೂ ಎದುರುಬದುರು ಇಟ್ಟು ಹೋಲಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯಸಂಬಂಧಿ ಸಾವು ಗುಳಿಗೆಯವರಲ್ಲಿ ಶೇ. 3.4, ಇಂಜೆಕ್ಷನ್‌ನವರಲ್ಲಿ ಶೇ. 2.5. ಕ್ಯಾನ್ಸರ್ ಶೇ. 4.2 ಮತ್ತು ಶೇ. 2.9. ವ್ಯತ್ಯಾಸ ದೊಡ್ಡದಲ್ಲ, ಆದರೆ ನಿಜವಾದದ್ದು. ಪ್ರಕಟವಾಗುವ ಮುಂಚೆಯೇ ಈ ಫಲಿತಾಂಶ ಕಂಡು ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದರು. ಯುರೋಪಿನ ಶಿಫಾರಸು 65 ದಾಟಿದವರು, ಧೂಮಪಾನಿಗಳು, ಹೃದಯರೋಗ ಅಥವಾ ಕ್ಯಾನ್ಸರ್ ಇತಿಹಾಸವಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರ ವಿಷಯದಲ್ಲಿ ಮೊದಲು ಅಪಾಯ ತೂಗಿ ನೋಡಿ ಎನ್ನುತ್ತದೆ.

ಹಾಗಾಗಿ ನಿಪ್ಪಾಣಿಯ ಕಡೆಯ, ಮೂವತ್ತು ವರ್ಷ ಬೀಡಿ ಸೇದಿದ, ಸಕ್ಕರೆ ಕಾಯಿಲೆ ಇರುವ ಅರವತ್ತರ ಕಾಕಾ ಅವರಿಗೆ ನಾನು ಟಿಎನ್‌ಎಫ್ ಇಂಜೆಕ್ಷನ್ ಕಡೆಗೆ ವಾಲುತ್ತೇನೆ, ಖರ್ಚಿಗೆ ದಾರಿ ಹುಡುಕಿಯಾದರೂ. ಬೀಡಿ ಬಿಡುವುದು ಅದಕ್ಕೂ ಮೊದಲಿನ ಔಷಧಿ. ಧೂಮಪಾನ ಆಮವಾತವನ್ನು ತರುವ ಕಾರಣಗಳಲ್ಲೂ ಒಂದು. ಮೂವತ್ತೈದರ, ಹೃದಯ ಚೆನ್ನಾಗಿರುವ, ಧೂಮಪಾನವಿಲ್ಲದ, ಮಕ್ಕಳಾಗುವ ಯೋಚನೆ ಮುಗಿಸಿದ ತಾಯಿಗೆ ಟೊಫಾಸಿಟಿನಿಬ್ ಒಪ್ಪುವ ಆಯ್ಕೆ. ಆದರೆ ಹೃದಯ ವೈಫಲ್ಯ ತೀವ್ರವಾಗಿರುವವರಿಗೆ ಟಿಎನ್‌ಎಫ್ ಇಂಜೆಕ್ಷನ್ ಕೊಡುವುದಿಲ್ಲ. ಅದು ಹೃದಯಾಘಾತದ ಅಪಾಯಕ್ಕಿಂತ ಬೇರೆಯ ವಿಷಯ, ಎರಡನ್ನೂ ಕಲಸಬೇಡಿ.

ಕ್ಷಯ. ನಮ್ಮ ದೇಶದಲ್ಲಿ ಇದನ್ನು ಕೇಳದೆ ಈ ಎರಡರಲ್ಲಿ ಯಾವುದನ್ನೂ ಶುರು ಮಾಡಬಾರದು. ಮೈಯಲ್ಲಿ ಮಲಗಿರುವ ಕ್ಷಯದ ರೋಗಾಣುವನ್ನು ಬಿಳಿ ಕಣಗಳು ಗಂಟು ಕಟ್ಟಿ ಸುತ್ತುವರಿದಿರುತ್ತವೆ. ಆ ಗಂಟು ಹಾಗೇ ಉಳಿಯಲು ಟಿಎನ್‌ಎಫ್ ಬೇಕು. ಟಿಎನ್‌ಎಫ್ ತಡೆದಾಗ ಗಂಟು ಸಡಿಲಾಗಿ ಕ್ಷಯ ಎದ್ದೇಳಬಹುದು. ಜಾಕ್ ಗುಳಿಗೆಯಲ್ಲೂ ಅಪಾಯ ಇದೆ. ಎದೆಯ ಎಕ್ಸ್-ರೇ, ಮಾಂಟೂ (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ ಆಗಲೇಬೇಕು. ಮನೆಯಲ್ಲಿ, ಹೊಲದ ಕೆಲಸದ ಗುಂಪಿನಲ್ಲಿ ಯಾರಿಗಾದರೂ ಕ್ಷಯ ಇತ್ತೆ ಎಂಬುದನ್ನು ಮುಚ್ಚಿಡಬಾರದು. ಮಲಗಿದ ಕ್ಷಯ ಕಂಡರೆ ಮೊದಲು ತಡೆ ಚಿಕಿತ್ಸೆ, ಕನಿಷ್ಠ ಒಂದು ತಿಂಗಳಾದರೂ ನಡೆದ ಮೇಲೆ ಈ ಔಷಧಿ. ಇನ್ನೊಂದು ಸೂಕ್ಷ್ಮವನ್ನು ಎಷ್ಟೋ ಚೀಟಿಗಳಲ್ಲಿ ಮರೆತಿರುತ್ತಾರೆ: ಕ್ಷಯದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಟೊಫಾಸಿಟಿನಿಬ್ಬನ್ನು ಬೇಗ ಒಡೆದುಬಿಡುತ್ತದೆ, ಗುಳಿಗೆ ನುಂಗಿಯೂ ಫಲವಿಲ್ಲದಂತಾಗುತ್ತದೆ. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಇದಕ್ಕೆ ತಿರುವುಮುರುವು, ಅದು ಟೊಫಾಸಿಟಿನಿಬ್ ಪ್ರಮಾಣವನ್ನು ಏರಿಸುತ್ತದೆ.

ಜಾಕ್ ಗುಳಿಗೆಯಲ್ಲಿ ಸರ್ಪಸುತ್ತು ಹೆಚ್ಚು. ಜಪಾನ್, ಕೊರಿಯಾದ ರೋಗಿಗಳಲ್ಲಿ ಇದು ಎದ್ದು ಕಂಡಿದೆ. ಪಕ್ಕೆಯ ಒಂದೇ ಬದಿಗೆ ಉರಿ ಮತ್ತು ಗುಳ್ಳೆ ಎದ್ದರೆ ಮನೆಮದ್ದು ಹಚ್ಚುತ್ತ ಕೂರದೆ ಮೂರು ದಿನದೊಳಗೆ ವೈದ್ಯರನ್ನು ಕಾಣಿ. ಶುರು ಮಾಡುವ ಮುಂಚೆ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಳ್ಳುವುದು ಉತ್ತಮ. ಜೀವಂತ ವೈರಸ್ ಇಲ್ಲದ ಲಸಿಕೆ ಈಗ ನಮ್ಮಲ್ಲಿ ಸಿಗುತ್ತದೆ, ದುಬಾರಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಎರಡೂ ದಾರಿಗೆ ಬೇಕು.

ಮಗು ಬೇಕೆನ್ನುವವರಿಗೆ ಆಯ್ಕೆ ಇನ್ನೂ ಬೇರೆ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಹಾನಿಕರ, ಮೊದಲೇ ನಿಲ್ಲಿಸಿರಬೇಕು. ಲೆಫ್ಲುನೊಮೈಡ್ ಮೈಯಲ್ಲಿ ಬಹುಕಾಲ ಉಳಿಯುತ್ತದೆ, ಅದನ್ನು ತೊಳೆದು ತೆಗೆಯಲು ಬೇರೆ ಔಷಧಿ ಕೊಡುತ್ತಾರೆ. ಜಾಕ್ ಗುಳಿಗೆಯೂ ಬೇಡ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಮುಂದುವರಿಸಬಹುದು, ಟಿಎನ್‌ಎಫ್ ಇಂಜೆಕ್ಷನ್‌ಗಳನ್ನೂ ವೈದ್ಯರ ಲೆಕ್ಕದಂತೆ ಬಳಸಬಹುದು. ಮದುವೆ ಗೊತ್ತಾದ ಹುಡುಗಿಯ ರೋಗವನ್ನು ಮುಚ್ಚಿಟ್ಟು, ಗರ್ಭ ನಿಂತ ಮೇಲೆ ಓಡಿಬರುವುದು ನಮ್ಮಲ್ಲಿ ನಡೆಯುತ್ತದೆ. ಮೂರು ತಿಂಗಳು ಮುಂಚೆ ಒಂದು ಮಾತು ಹೇಳಿದ್ದರೆ ಅಷ್ಟೂ ಭಯ ತಪ್ಪುತ್ತಿತ್ತು.

ಟೊಸಿಲಿಜುಮ್ಯಾಬ್ ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ಮುಚ್ಚುತ್ತದೆ, ರಿಟುಕ್ಸಿಮ್ಯಾಬ್ ಬಿ ಕಣಗಳನ್ನೇ ಖಾಲಿ ಮಾಡುತ್ತದೆ. ಇವು ಮೇಲಿನ ಎರಡರಲ್ಲಿ ಒಂದು ಕೈಕೊಟ್ಟಾಗ ಅಥವಾ ವಿಶೇಷ ಕಾರಣವಿದ್ದಾಗ ಬರುವ ಮಾತು. ಎರಡು ಬಯೊಲಾಜಿಕ್‌ಗಳನ್ನಾಗಲಿ (ಇವು ಮತ್ತು ಟಿಎನ್‌ಎಫ್ ಇಂಜೆಕ್ಷನ್‌ಗಳಂಥ ಪ್ರೋಟೀನ್ ಔಷಧಿಗಳು), ಬಯೊಲಾಜಿಕ್ ಜೊತೆ ಜಾಕ್ ಗುಳಿಗೆಯನ್ನಾಗಲಿ ಒಟ್ಟಿಗೆ ಕೊಡುವುದಿಲ್ಲ.

ವೈದ್ಯರ ಬಳಿ ಹೋಗುವಾಗ

ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜು ಇವೆ. ಮೆಥೊಟ್ರೆಕ್ಸೇಟ್ ಹಂತವನ್ನು ಇಲ್ಲಿಯ ಮೆಡಿಸಿನ್ ವಿಭಾಗದಲ್ಲಿ ಶುರು ಮಾಡಿ ನಡೆಸಬಹುದು. ಜಾಕ್ ಅಥವಾ ಇಂಜೆಕ್ಷನ್ ಎಂಬ ಕವಲು ಬಂದಾಗ ಸಂಧಿವಾತ ತಜ್ಞರನ್ನು ಒಮ್ಮೆಯಾದರೂ ಕಾಣಿ, ಅದಕ್ಕೆ ಹುಬ್ಬಳ್ಳಿ, ಮೀರಜ್ ಅಥವಾ ಪುಣೆಗೆ ಹೋಗಬೇಕಾದರೂ. ಆ ಮೇಲೆ ರಕ್ತ ಪರೀಕ್ಷೆಗಳನ್ನು ಹತ್ತಿರದ ಊರಲ್ಲಿಯೇ ಮಾಡಿಸಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಯಾವುದಕ್ಕೆ ನೆರವು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಯಾವ ಔಷಧಿಯೇ ಆಗಲಿ, ಮೂರು ತಿಂಗಳಿಗೆ ಸುಧಾರಣೆ ಕಾಣಬೇಕು, ಆರು ತಿಂಗಳಿಗೆ ರೋಗ ಹತೋಟಿಗೆ ಬಂದಿರಬೇಕು. ಬರದಿದ್ದರೆ ಬದಲಿಸುವ ಮಾತು ಎತ್ತಿ. "ಇದ್ದುದರಲ್ಲಿ ವಾಸಿ" ಅಂತ ವರ್ಷ ದೂಡಬೇಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು, ಊದಿದ ಕೀಲು ಯಾವವು, ಎಷ್ಟು ರೊಟ್ಟಿ ಬಡಿಯಲಾಯಿತು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬಂದರೆ ವೈದ್ಯರಿಗೆ ಉರಿಯೂತ ಅಳೆಯುವ ಇಎಸ್‌ಆರ್ ರಕ್ತಪರೀಕ್ಷೆಯ ಕಾಗದದಷ್ಟೇ ಉಪಯೋಗ.

ಕೊನೆಯದಾಗಿ ಜ್ವರದ ವಿಷಯ. ಈ ಔಷಧಿಗಳೆಲ್ಲ ಕಣದ ನಡಿಗೆಯನ್ನು ಅಥವಾ ಕರೆಯನ್ನು ತಗ್ಗಿಸುವುದರಿಂದ ಸೋಂಕು ತಗುಲಿದಾಗ ಅದರ ಗುರುತುಗಳೂ ಮಂಕಾಗುತ್ತವೆ. ಸಿಆರ್‌ಪಿ ಯಕೃತ್ತಿನಲ್ಲಿ ತಯಾರಾಗುವುದು ಇಂಟರ್‌ಲ್ಯೂಕಿನ್-6 ಹೇಳಿದಾಗ. ಟೊಸಿಲಿಜುಮ್ಯಾಬ್ ಹಾಕಿಸಿಕೊಂಡವರಲ್ಲಿ ಆ ಮಾತೇ ಮುಟ್ಟುವುದಿಲ್ಲ, ಜಾಕ್ ಗುಳಿಗೆಯವರಲ್ಲಿ ಅರ್ಧಂಬರ್ಧ ಮುಟ್ಟುತ್ತದೆ. ನ್ಯುಮೋನಿಯಾ ಇದ್ದೂ ಸಿಆರ್‌ಪಿ ಸಹಜವಾಗಿ ಕಾಣಬಹುದು. ಊರಿನ ದವಾಖಾನೆಗೆ ಜ್ವರ, ಕೆಮ್ಮು ಅಂತ ಹೋದಾಗ "ನಾನು ಈ ಗುಳಿಗೆ ನುಂಗುತ್ತಿದ್ದೇನೆ" ಎಂದು ಚೀಟಿ ತೋರಿಸಿ. ಜ್ವರ ಇಳಿಯುವವರೆಗೆ ಜಾಕ್ ಗುಳಿಗೆ ಅಥವಾ ಮುಂದಿನ ಇಂಜೆಕ್ಷನ್ ನಿಲ್ಲಿಸಬೇಕೇ ಎಂದು ಅಂದೇ ಫೋನ್ ಮಾಡಿ ಕೇಳಿ. ಸ್ಟೀರಾಯ್ಡ್ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.